ಕೆನಡಾ ಅರ್ಜಿಯಲ್ಲಿ ಕೆಲಸದ ವಿವರ ತುಂಬುವುದು ಹೇಗೆ?

ನನ್ನ ತಮ್ಮ ಬೆಳಗಾವಿಯ ಉದ್ಯಮಬಾಗ್‌ನ ಒಂದು ವರ್ಕ್‌ಶಾಪ್‌ನಲ್ಲಿ ಆರು ವರ್ಷ ಸಿಎನ್‌ಸಿ ಮಷಿನ್ ಮೇಲೆ ದುಡಿದವನು. ಕೆನಡಾದಲ್ಲಿ ಕಾಯಂ ನೆಲೆಸಲು ಹಾಕುವ ಎಕ್ಸ್‌ಪ್ರೆಸ್ ಎಂಟ್ರಿ ಅರ್ಜಿಗೆ ಕೂತಾಗ ಓದು, ಐಇಎಲ್‌ಟಿಎಸ್ ಅಂಕ ಎಲ್ಲ ಸಲೀಸಾಗಿ ತುಂಬಿದ. ಕೆಲಸದ ಪುಟಕ್ಕೆ ಬಂದು ನಾಲ್ಕು ದಿನ ನಿಂತುಬಿಟ್ಟ. ಸೇರಿದ ತಿಂಗಳೇ ಸರಿಯಾಗಿ ನೆನಪಿರಲಿಲ್ಲ.

ಹಾಗಾಗಿ ಮೊದಲು ಕಂಪ್ಯೂಟರ್ ಬಿಡಿ, ಒಂದು ನೋಟ್‌ಬುಕ್ ತಗೊಳ್ಳಿ. ಕಳೆದ 10 ವರ್ಷದ್ದನ್ನು ತಿಂಗಳವಾರು ಬರೆಯಿರಿ. ಪಕ್ಕದಲ್ಲಿ ಪಿಎಫ್ ಸರ್ವಿಸ್ ಹಿಸ್ಟರಿ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ತಾಳೆ ನೋಡಿ. ತಮ್ಮ ಸೇರಿದ್ದು ಜೂನ್‌ನಲ್ಲಿ, ಪಿಎಫ್ ಶುರುವಾಗಿದ್ದು ಸೆಪ್ಟೆಂಬರ್‌ನಲ್ಲಿ. ಇಂಥ ಕಡೆ ನಿಜವಾದ ತಿಂಗಳನ್ನೇ ಬರೆದು, ಆ ಮೂರು ತಿಂಗಳ ಸಂಬಳ ಜಮಾ ಆಗಿರುವ ಪಾಸ್‌ಬುಕ್ ಪುಟ ಲಗತ್ತಿಸಿ, ಯಾಕೆ ಹೀಗೆ ಅಂತ ಒಂದು ವಿವರಣೆ ಪತ್ರ ಇಡಿ.

ಮುಂದಿನದು ಎನ್ಒಸಿ ಕೋಡ್, ಅಂದರೆ ಕೆನಡಾ ಸರ್ಕಾರ ಪ್ರತಿ ಉದ್ಯೋಗಕ್ಕೂ ಕೊಟ್ಟಿರುವ ಸಂಖ್ಯೆ. ಎಡವುವುದು ಜಾಸ್ತಿ ಇಲ್ಲೇ. ಇದು ಐದು ಅಂಕಿಯ ಸಂಖ್ಯೆ, ಅದರ ಎರಡನೇ ಅಂಕಿ ಕೆಲಸದ ದರ್ಜೆ ಹೇಳುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿಯೊಳಗಿನ ಫೆಡರಲ್ ಸ್ಕಿಲ್ಡ್ ವರ್ಕರ್ (ನುರಿತ ಕೆಲಸಗಾರರ) ದಾರಿಗೆ 0ಯಿಂದ 3ರವರೆಗಿನ ದರ್ಜೆ ಬೇಕು. ಡ್ರಾಯಿಂಗ್ ಓದಿ, ಸೆಟ್ಟಿಂಗ್ ಮಾಡಿ, ಅಳತೆ ನೋಡಿ ಬಿಡಿಭಾಗ ತಯಾರಿಸುವ ಮಷಿನಿಸ್ಟ್‌ನ ಕೋಡ್ 72100. ಮಷಿನಿಂಗ್ ಟೂಲ್ ಆಪರೇಟರ್‌ದು 94106, ಫೌಂಡ್ರಿ ಕೆಲಸಗಾರರದು 94101. ಇವೆರಡೂ 4ನೇ ದರ್ಜೆ, ಈ ದಾರಿಗೆ ನಡೆಯುವುದಿಲ್ಲ. ಕಂಪನಿಯ ಐಡಿ ಕಾರ್ಡ್ ಮೇಲೆ ‘ಆಪರೇಟರ್’ ಅಂತಿದ್ದ ಮಾತ್ರಕ್ಕೆ ಹೆದರಬೇಡಿ, ಅಲ್ಲಿ ನೋಡುವುದು ನೀವು ದಿನಾ ಮಾಡಿದ ಕೆಲಸವನ್ನು. ಆದರೆ ಮಾಡದ ಕೆಲಸವನ್ನು ಮಾಡಿದೆ ಅಂತ ದಯವಿಟ್ಟು ಬರೆಯಬೇಡಿ, ಏಜೆಂಟ್ ಎಷ್ಟೇ ಒತ್ತಾಯ ಮಾಡಲಿ. ಸುಳ್ಳು ಸಿಕ್ಕಿಬಿದ್ದರೆ 5 ವರ್ಷ ಅರ್ಜಿ ಹಾಕುವಂತಿಲ್ಲ.

ಅನುಭವದ ಲೆಕ್ಕ ವಾರಕ್ಕೆ 30 ಗಂಟೆಯದು. ಒಂದು ವರ್ಷ ಬಿಡದೆ ಮಾಡಿದರೆ 1,560 ಗಂಟೆ, ಕನಿಷ್ಠ ಇಷ್ಟಾದರೂ ಬೇಕು. ವಾರಕ್ಕೆ 60 ಗಂಟೆ ಓವರ್‌ಟೈಮ್ ಹೊಡೆದು ಆರೇ ತಿಂಗಳಲ್ಲಿ ಮುಗಿಸಿದೆ ಅಂದರೆ ಒಪ್ಪುವುದಿಲ್ಲ.

ಇನ್ನು ಮಾಲೀಕರ ಪತ್ರ. ತಮ್ಮನಿಗೆ ಮೊದಲು ಸಿಕ್ಕಿದ್ದು ‘ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ನಡತೆ ಚೆನ್ನಾಗಿದೆ’ ಅನ್ನುವ ಎರಡು ಸಾಲು. ಅದರಿಂದ ಏನೂ ಉಪಯೋಗವಿಲ್ಲ. ಲೆಟರ್‌ಹೆಡ್ ಮೇಲೆ ಹುದ್ದೆ, ಸೇರಿದ ಮತ್ತು ಬಿಟ್ಟ ದಿನ, ಮಾಡಿದ ಕೆಲಸಗಳು, ವಾರದ ಗಂಟೆ, ವರ್ಷದ ಸಂಬಳ ಮತ್ತು ಸವಲತ್ತು, ಸಹಿ ಮಾಡಿದವರ ಹೆಸರು, ಹುದ್ದೆ, ಕಂಪನಿಯ ಫೋನ್ ನಂಬರ್, ಇಷ್ಟೂ ಇರಬೇಕು. ಕೆಲಸಗಳ ಪಟ್ಟಿಯನ್ನು ನೀವೇ ನಿಮ್ಮ ಮಾತಲ್ಲಿ ಬರೆದು ಕೊಡಿ, ಎನ್ಒಸಿ ಪುಟದಿಂದ ಎತ್ತಿ ಅಂಟಿಸಿದರೆ ಅನುಮಾನ ಬರುತ್ತದೆ. ಮಾಲೀಕರು ಕೊಡಲ್ಲ ಅಂದರೆ ನೇಮಕ ಪತ್ರ, ಫಾರ್ಮ್ 16, ಸಂಬಳದ ಚೀಟಿಗಳ ಜೊತೆ ಕಾರಣ ಬರೆದು ಕೊಡಿ. ಕನ್ನಡದ ಕಾಗದವಿದ್ದರೆ ಇಂಗ್ಲಿಷ್ ಅನುವಾದವೂ ಬೇಕು.

ವೈಯಕ್ತಿಕ ಇತಿಹಾಸ ಅನ್ನುವ ಇನ್ನೊಂದು ಪುಟವಿದೆ. ಅಲ್ಲಿ ಒಂದು ತಿಂಗಳೂ ಖಾಲಿ ಬಿಡಬೇಡಿ. ಕೆಲಸ ಬಿಟ್ಟು ಊರಲ್ಲಿ ಅಪ್ಪನ ಜೊತೆ ಕಬ್ಬಿನ ಹೊಲ ನೋಡಿಕೊಂಡಿದ್ದರೆ ಅದನ್ನೇ ಬರೆಯಿರಿ. ಸುಮ್ನೆ ಮನೆಯಲ್ಲಿದ್ದರೆ ನಿರುದ್ಯೋಗಿ ಅಂತ ಹಾಕಿ, ಅದರಲ್ಲಿ ನಾಚಿಕೆ ಏನಿಲ್ಲ.

ಮೊದಲು ಆನ್‌ಲೈನ್‌ನಲ್ಲಿ ಹಾಕಿದ ಪ್ರೊಫೈಲ್ ನೋಡಿ ‘ಅರ್ಜಿ ಹಾಕಿ’ ಅನ್ನುವ ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಸಲ್ಲಿಸಲು ಸಿಗುವುದು 60 ದಿನ ಮಾತ್ರ. ತಮ್ಮ ಸರಿಯಾದ ಪತ್ರಕ್ಕಾಗಿ ವರ್ಕ್‌ಶಾಪ್‌ಗೆ ಐದು ಸಲ ಅಲೆದ. ನೀವು ಪ್ರೊಫೈಲ್ ಹಾಕುವ ಮೊದಲೇ ಹೋಗಿ ಕೇಳಿ.