ಲಾಕ್‌ಡೌನಿನಲ್ಲಿ ನನ್ನ ಶೆಡ್ ಉಳಿಸಿದ್ದು ಸಾಲವಲ್ಲ, ಹಳೇ ಬಾಕಿ

"ಸಮಾಧಾನ್‌ಗೆ ಅರ್ಜಿ ಹಾಕಿದರೆ ಗಿರಾಕಿಯೂ ಹೋಗ್ತಾನೆ, ದುಡ್ಡೂ ಬರೋದಿಲ್ಲ." 2020ರ ಮಳೆಗಾಲದಲ್ಲಿ ನನಗೆ ಈ ಮಾತು ಹೇಳದವರು ಬೆಳಗಾವಿಯ ಉದ್ಯಮಬಾಗದಲ್ಲಿ ಯಾರೂ ಉಳಿದಿರಲಿಲ್ಲ. ಪಕ್ಕದ ಶೆಡ್ಡಿನವರು, ನಮ್ಮ ಆಡಿಟರ್, ಕೊನೆಗೆ ಮನೆಯವಳೂ ಹೇಳಿದಳು. ಸಮಾಧಾನ್ ಅಂದರೆ ಗಿರಾಕಿ ದುಡ್ಡು ತಡ ಮಾಡಿದರೆ ಸಣ್ಣ ಉದ್ಯಮದವರು ಆಗ ದೂರು ಕೊಡುತ್ತಿದ್ದ ಕೇಂದ್ರದ ಆನ್‌ಲೈನ್ ಪೋರ್ಟಲ್. ದುಡ್ಡು ಬಂತು. ಹೇಗೆ ಬಂತು ಅಂತ ಕೇಳುವವರು ಹೆಚ್ಚಾಗಿದ್ದಕ್ಕೆ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನವು, ಸಾವಿರ ಎರಡು ಸಾವಿರ ಆಚೀಚೆ ಆಗಬಹುದು.

ನನ್ನದು ಹೈಡ್ರಾಲಿಕ್ ಬಿಡಿಭಾಗಗಳ ಮಷಿನ್ ಶಾಪ್, ಆಗ 22 ಜನ ಕೆಲಸಗಾರರು. ಟರ್ಮ್ ಲೋನ್ 18 ಲಕ್ಷ, ಸಿಸಿ, ಅಂದರೆ ದಿನದ ವಹಿವಾಟಿಗೆ ಬೇಕಾದಾಗ ತೆಗೆದು ತುಂಬುವ ಬ್ಯಾಂಕ್ ಸಾಲ, ಅದರ ಮಿತಿ 25 ಲಕ್ಷ.

ಮೊದಲು ಸೋತ ಕಥೆಗಳು. ಮಾರ್ಚ್ 27ಕ್ಕೆ ರಿಸರ್ವ್ ಬ್ಯಾಂಕ್ ಮೊರಟೋರಿಯಂ, ಅಂದರೆ ಸಾಲದ ಕಂತು ಮುಂದೂಡಿಕೆ, ಅಂದ ಕೂಡಲೇ ಕಣ್ಣುಮುಚ್ಚಿ ಒಪ್ಪಿಕೊಂಡೆ. ಮೂರು ತಿಂಗಳಿದ್ದದ್ದು ಆಗಸ್ಟ್ 31ರವರೆಗೆ ಬೆಳೆಯಿತು, ನಾನೂ ಆರಕ್ಕೆ ಆರೂ ತಿಂಗಳು ಕಂತು ಕಟ್ಟಲಿಲ್ಲ. ಶೇಕಡಾ 11ರ ಬಡ್ಡಿ ಸುಮಾರು 1 ಲಕ್ಷ ಅಸಲಿಗೆ ಸೇರಿಕೊಂಡು ಕೂತಿತು. ಆರು ಕಂತು ಮುಂದೂಡಿದ್ದಕ್ಕೆ ಕೊನೆಯಲ್ಲಿ ಹೆಚ್ಚುವರಿ ಮೂರೂವರೆ ಕಂತು ತೆತ್ತೆ. ಬಡ್ಡಿಯ ಮೇಲಿನ ಬಡ್ಡಿ ವಾಪಸ್ ಅಂತ ನವೆಂಬರಿನಲ್ಲಿ ಖಾತೆಗೆ ಜಮಾ ಆದದ್ದು 2,300 ರೂಪಾಯಿ. ಮೊರಟೋರಿಯಂ ತಗೊಳ್ಳದೆ ಕಂತು ಕಟ್ಟುತ್ತಾ ಹೋದ ಪಕ್ಕದ ಶೆಡ್ಡಿನವರಿಗೂ ಅವರ ಲೆಕ್ಕದ ದುಡ್ಡು ಬಂತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪಿಎಫ್‌ನದು ಇನ್ನೂ ಹೊಟ್ಟೆ ಉರಿಸುವ ಕಥೆ. ನೂರು ಜನರೊಳಗಿನ ಘಟಕಗಳಲ್ಲಿ ಶೇಕಡಾ 90 ಜನರ ಪಗಾರ 15 ಸಾವಿರದ ಕೆಳಗಿದ್ದರೆ ಎರಡೂ ಪಾಲಿನ 24 ಪರ್ಸೆಂಟ್ ಕೇಂದ್ರವೇ ಕಟ್ಟುತ್ತಿತ್ತು. ನನ್ನ 22ರಲ್ಲಿ ಮೂವರು ಸೆಟ್ಟರ್‌ಗಳ ಪಗಾರ ಅದಕ್ಕಿಂತ ಮೇಲೆ. 19 ಭಾಗಿಸು 22, ಎಂಬತ್ತಾರು ಪರ್ಸೆಂಟ್. ಮೂರನೆಯವನಿಗೆ ಹಿಂದಿನ ದೀಪಾವಳಿಗೆ ನಾನೇ ಖುಷಿಯಿಂದ ಪಗಾರ ಏರಿಸಿದ್ದೆ! ಅದೊಂದು ತಡೆದಿದ್ದರೆ ಆರು ತಿಂಗಳ ಪಿಎಫ್ ಉಳಿಯುತ್ತಿತ್ತು. ಅವನಿಗೆ ಇವತ್ತಿಗೂ ಇದು ಗೊತ್ತಿಲ್ಲ.

ಕೇಂದ್ರವೇ ಬ್ಯಾಂಕಿಗೆ ಗ್ಯಾರಂಟಿ ನಿಂತ ಸಾಲ, ಅಂದರೆ ಇಸಿಎಲ್‌ಜಿಎಸ್, ಸಿಕ್ಕಿತು. 2020ರ ಫೆಬ್ರವರಿ 29ರಂದು ಎಷ್ಟು ಬಾಕಿ ಇತ್ತೋ ಅದರ ಶೇಕಡಾ 20. ಹೊಸ ಅಡಮಾನ ಇಲ್ಲ, ಬಡ್ಡಿ 9.25 ದಾಟುವಂತಿಲ್ಲ, ಮೊದಲ ವರ್ಷ ಅಸಲಿನ ಕಂತಿಲ್ಲ. ಆದರೆ ಫೆಬ್ರವರಿ 27ಕ್ಕೆ ಒಬ್ಬ ಗಿರಾಕಿಯಿಂದ 6 ಲಕ್ಷ ಬಂದು ನನ್ನ ಸಿಸಿ ಬಾಕಿ 22 ಲಕ್ಷದಿಂದ 16ಕ್ಕೆ ಇಳಿದಿತ್ತು. ಜನ್ಮದಲ್ಲಿ ಒಮ್ಮೆ ಸರಿಯಾದ ಸಮಯಕ್ಕೆ ದುಡ್ಡು ಬಂದದ್ದಕ್ಕೆ 1 ಲಕ್ಷ 20 ಸಾವಿರದ ಅರ್ಹತೆ ಕಳೆದುಕೊಂಡೆ. 8 ಲಕ್ಷದ ಜಾಗದಲ್ಲಿ 6.8. ಶಾಖೆಯವರು ಜೊತೆಗೊಂದು ಇನ್ಶೂರೆನ್ಸ್ ಪಾಲಿಸಿ ತುರುಕಲು ನೋಡಿದರು, ಯೋಜನೆಯ ಮಾರ್ಗಸೂಚಿ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ, ಮತ್ತೆ ಆ ಸುದ್ದಿ ಎತ್ತಲಿಲ್ಲ. ಪಗಾರ ಮತ್ತು ಕಬ್ಬಿಣಕ್ಕೆ ಆ ದುಡ್ಡು ಎರಡೂವರೆ ತಿಂಗಳು ಬಂತು. ರಾಜ್ಯದವರು ಎಂಎಸ್‌ಎಂಇಗಳಿಗೆ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ, ಎರಡು ತಿಂಗಳ ವಿದ್ಯುತ್ ನಿಗದಿ ಶುಲ್ಕ ಬಿಟ್ಟರು, ಅದು ಹನ್ನೊಂದು ಸಾವಿರದಷ್ಟು.

ನಡುವೆ ಒಂದು ಹುಚ್ಚು ಸಾಹಸ: ಕಾಲಲ್ಲಿ ಒತ್ತುವ ಸ್ಯಾನಿಟೈಜರ್ ಸ್ಟ್ಯಾಂಡ್. 60 ಮಾಡಿದೆವು, ಚೌಕಾಸಿ ಮಾಡಿ 22 ಮಾರಿದೆವು. ಪೆಡಲಿನ ಸ್ಪ್ರಿಂಗು ಹದಿನೈದು ದಿನಕ್ಕೆ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಊರಿನ ಪ್ರತಿ ವೆಲ್ಡಿಂಗ್ ಅಂಗಡಿಯವನೂ ಅದನ್ನೇ ಮಾಡುತ್ತಿದ್ದ. ಗಿರಾಕಿ ಒಪ್ಪಿದ ಬಿಲ್ಲಿನ ಮೇಲೆ ಬ್ಯಾಂಕುಗಳು ಮುಂಚೆಯೇ ದುಡ್ಡು ಕೊಡುವ ಆನ್‌ಲೈನ್ ವ್ಯವಸ್ಥೆ ಟಿಆರ್‌ಇಡಿಎಸ್, ಅದಕ್ಕೂ ಸೇರಿದೆ. ಗಿರಾಕಿ ಅಲ್ಲಿ ಹೆಸರಿಗೆ ಮಾತ್ರ ಇದ್ದ, ನನ್ನ ಒಂದು ಬಿಲ್ಲನ್ನೂ ಒಪ್ಪಲಿಲ್ಲ.

ಈಗ ವಿಷಯ. ಪುಣೆ ಕಡೆಯ ಒಬ್ಬ ಗಿರಾಕಿಯಿಂದ ಲಾಕ್‌ಡೌನಿಗೆ ಮುಂಚಿನ ಏಳು ಬಿಲ್ಲಿನ 11 ಲಕ್ಷ ಬರಬೇಕಿತ್ತು. ಹಿಂದೆ ಇಂಥ ಬಾಕಿಗೆ ವಕೀಲರಿಂದ ದಿವಾಳಿ ಕಾಯ್ದೆಯ ನೋಟಿಸು ಕೊಡಿಸಿದರೆ ಸಾಕಿತ್ತು, ಹೆದರಿ ಕೊಡುತ್ತಿದ್ದರು. ಮಾರ್ಚ್ 24ಕ್ಕೆ ಆ ಕಾಯ್ದೆಯಡಿ ಕೇಸು ಹಾಕಲು ಬೇಕಾದ ಕನಿಷ್ಠ ಬಾಕಿಯನ್ನು 1 ಲಕ್ಷದಿಂದ 1 ಕೋಟಿಗೆ ಏರಿಸಿದರು. ನಮ್ಮಂಥವರನ್ನು ಕಾಪಾಡಲಿಕ್ಕಂತೆ. ಕಾಪಾಡಿದ್ದು ನಮಗೆ ಬಾಕಿ ಇಟ್ಟವರನ್ನು. ಕೈಯಲ್ಲಿದ್ದ ಒಂದೇ ಬಡಿಗೆಯನ್ನೂ ಕಸಿದುಕೊಂಡರು.

ಉಳಿದದ್ದು 2006ರ ಎಂಎಸ್‌ಎಂಇ ಕಾಯ್ದೆ. ಮಾಲು ತಗೊಂಡವನು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನೋದು ಎಲ್ಲರಿಗೂ ಗೊತ್ತು. ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳಿಗೆ. ಆಗ ಬ್ಯಾಂಕ್ ರೇಟು 4.25 ಇತ್ತು, ಅಂದರೆ ಪೌಣೆ ಹದಿಮೂರು. "ಕೇಸು ಪುಣೆಗೆ ಹೋಗ್ತದೆ, ಓಡಾಡೋಕೆ ಆಗ್ತದಾ" ಅಂತ ಎಲ್ಲರೂ ಹೆದರಿಸಿದರು. ಸೆಕ್ಷನ್ 18 ತೆಗೆದು ಓದಿ: ಮಾಲು ಕೊಟ್ಟವನು ಎಲ್ಲಿದ್ದಾನೋ ಅಲ್ಲಿನ ಕೌನ್ಸಿಲ್‌ಗೇ, ಅಂದರೆ ಇಂಥ ಬಾಕಿಯ ತಕರಾರು ಬಗೆಹರಿಸುವ ರಾಜ್ಯದ ಮಂಡಳಿಗೇ, ಅಧಿಕಾರ, ಗಿರಾಕಿ ದೇಶದ ಯಾವ ಮೂಲೆಯಲ್ಲಾದರೂ ಇರಲಿ.

ಸೆಪ್ಟೆಂಬರಿನಲ್ಲಿ ಸಮಾಧಾನ್‌ಗೆ ಅರ್ಜಿ ಹಾಕಿದೆ. ಡಿಸೆಂಬರಿನವರೆಗೆ ಏನೂ ಇಲ್ಲ, ನಗುವವರು ನಕ್ಕರು. ನೋಟಿಸು ಹೋದ ಮೇಲೆ ಗಿರಾಕಿಯ ಉತ್ತರ: ಮಾಲು ರಿಜೆಕ್ಟ್ ಆಗಿತ್ತು. ಇಲ್ಲೇ ನಮ್ಮ ಜನ ಸೋಲೋದು. ಮಾಲು ಮುಟ್ಟಿದ 15 ದಿನದೊಳಗೆ ಬರಹದಲ್ಲಿ ತಕರಾರು ಕೊಡದಿದ್ದರೆ ಒಪ್ಪಿದಂತೆಯೇ ಲೆಕ್ಕ. ನನ್ನ ಆರು ಚಲನ್‌ಗಳ ಮೇಲೆ ಅವರದೇ ಗೇಟಿನ ಸಿಕ್ಕಾ, ತಾರೀಖು, ವಾಚ್‌ಮನ್‌ನ ಸಹಿ ಇತ್ತು. ಏಳನೆಯದು ಮಳೆಯಲ್ಲಿ ನೆಂದು ಸಿಕ್ಕಾ ನೀಲಿ ಮಸಿಯ ಕಲೆಯಾಗಿತ್ತು. ಆ ಒಂದು ಬಿಲ್ಲಿನ 1.4 ಲಕ್ಷಕ್ಕೆ ಲಾರಿಯವರ ರಸೀದಿ ಹುಡುಕಿ ತರಲು ಎರಡು ವಾರ ತಿರುಗಿದೆ.

ಕೌನ್ಸಿಲ್ ತೀರ್ಪಿನವರೆಗೆ ಹೋಗಲೇ ಇಲ್ಲ. 2021ರ ಫೆಬ್ರವರಿಯಲ್ಲಿ ರಾಜಿಗೆ ಬಂದರು: ಅಸಲು 11 ಲಕ್ಷ ಪೂರ್ತಿ, ಬಡ್ಡಿ 1.2 ಲಕ್ಷದಲ್ಲಿ 50 ಸಾವಿರ. ತೀರ್ಪನ್ನು ಪ್ರಶ್ನಿಸಬೇಕಾದರೆ ಮೊದಲು ಶೇಕಡಾ 75 ಠೇವಣಿ ಇಡಬೇಕು ಅನ್ನೋದು ಅವರ ವಕೀಲರಿಗೂ ಗೊತ್ತಿತ್ತು.

ಇನ್ನೊಬ್ಬ ಗಿರಾಕಿ, ಹುಬ್ಬಳ್ಳಿಯವರು, 2.75 ಲಕ್ಷ ಅರ್ಜಿಯೇ ಇಲ್ಲದೆ ಕೊಟ್ಟರು. ಖರೀದಿ ವಿಭಾಗಕ್ಕೆ ಬರೆಯುವುದು ಬಿಟ್ಟು ಅವರ ಆಡಿಟರ್‌ಗೆ ಪತ್ರ ಹಾಕಿದೆ. ನಮ್ಮಂಥವರ ಬಾಕಿಯನ್ನು, ಬಡ್ಡಿ ಸಮೇತ, ಲೆಕ್ಕಪತ್ರದಲ್ಲಿ ತೋರಿಸಲೇಬೇಕು. 45 ದಿನ ಮೀರಿದ್ದರೆ ಕಂಪನಿಗಳು ಅರ್ಧವರ್ಷಕ್ಕೊಮ್ಮೆ ಎಂಎಸ್‌ಎಂಇ ಫಾರ್ಮ್ 1 ಅನ್ನುವ ವರದಿ ಸರ್ಕಾರಕ್ಕೆ ಕೊಡಬೇಕು. ಹತ್ತೊಂಬತ್ತು ದಿನಕ್ಕೆ ದುಡ್ಡು ಬಂತು. ಆ ಪತ್ರದ ಎರಡನೇ ಪ್ಯಾರಾದಲ್ಲಿ ಏನು ಬರೆದಿದ್ದೆ ಅನ್ನೋದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಇನ್ನೂ ಇಬ್ಬರ ಮೇಲೆ ಬಳಸಬೇಕಿದೆ.

ಒಂದು ಎಚ್ಚರ. ನನ್ನ ಉದ್ಯೋಗ್ ಆಧಾರ್, ಅಂದರೆ ಆಗಿನ ಎಂಎಸ್‌ಎಂಇ ನೋಂದಣಿ, ಬಿಲ್ಲುಗಳಿಗಿಂತ ಎಷ್ಟೋ ಹಿಂದಿನದು. ಗೆಳೆಯನೊಬ್ಬ ಮಾಲು ಕೊಟ್ಟಾದ ಮೇಲೆ, ಉದ್ಯೋಗ್ ಆಧಾರ್ ಬದಲಿಗೆ ಬಂದ ಉದ್ಯಮ್ ನೋಂದಣಿ ಮಾಡಿಸಿ ಅರ್ಜಿ ಹಾಕಿದ. ಹಿಂದಿನ ಮಾಲಿಗೆ ಈ ಕಾಯ್ದೆಯ ಲಾಭ ಸಿಗುವುದಿಲ್ಲ ಅಂತ ಸುಪ್ರೀಂ ಕೋರ್ಟೇ 2021ರಲ್ಲಿ ಹೇಳಿತು.

ಗಿರಾಕಿ ಹೋದನಾ? ಪುಣೆಯವನು ಹೋದ, ಸುಳ್ಳು ಹೇಳಲಾರೆ. ವರ್ಷಕ್ಕೆ ಮೂವತ್ತು ಲಕ್ಷದ ಕೆಲಸ ಅದು, ತುಂಬಿಕೊಳ್ಳಲು ಎಂಟು ತಿಂಗಳು ಹಿಡಿಯಿತು. ಹುಬ್ಬಳ್ಳಿಯವರು ಇದ್ದಾರೆ. ಅವರ ಪರ್ಚೇಸ್ ಆರ್ಡರಿನ ಮೇಲೆ ಈಗ 45 ದಿನ ಅಂತ ಅಚ್ಚಾಗಿರುತ್ತದೆ, ಕೊಡೋದು ಐವತ್ತೈದಕ್ಕೆ. ಸ್ಯಾನಿಟೈಜರ್ ಸ್ಟ್ಯಾಂಡ್ ಮೂವತ್ತೆಂಟು ಇನ್ನೂ ಶೆಡ್ಡಿನ ಹಿಂದಿವೆ, ಸ್ಕ್ರ್ಯಾಪ್ ರೇಟಿಗೆ ಬೇಕಾದವರು ಒಯ್ಯಬಹುದು.