ಆರ್‌ಎಕ್ಸ್ 100 ಪಿಸ್ಟನ್‌ಗೆ ಮಾಲಿ ಕೋಟಿಂಗ್: ನನ್ನ ಅನುಭವ

ಕೋಟಿಂಗ್ ಹಾಕಿದರೆ ಪಿಕಪ್ ಏರುತ್ತದೆ ಅಂತ ನಾನು ಯಾವ ಗಿರಾಕಿಗೂ ಹೇಳುವುದಿಲ್ಲ. ಹಳೇ ಯಮಹಾ ಆರ್‌ಎಕ್ಸ್ 100 ಬೈಕಿನ ಸಿಲಿಂಡರ್ ಬ್ಲಾಕ್‌ಗೆ ಬೋರ್ ಮಾಡಿಸಿ (ಸವೆದ ಒಳಮೈ ಕೊರೆದು ಅಗಲ ಮಾಡಿಸಿ) ಹೊಸ ಪಿಸ್ಟನ್ ಕೂರಿಸುವಾಗ ನಾನು ಅದರ ಸ್ಕರ್ಟ್‌ಗೆ, ಅಂದರೆ ರಿಂಗ್‌ಗಳ ಕೆಳಗಿನ ಮೈಗೆ, ಮಾಲಿ ಕೋಟಿಂಗ್ ಹಾಕುವುದು ಸೀಜ್ ಆಗುವ, ಅಂದರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳುವ ಭಯಕ್ಕೆ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಸಿಗುವುದು ಪೆಟ್ರೋಲ್ ಜತೆ ಒಳಗೆ ಬರುವ 2ಟಿ ಆಯಿಲ್ ಮಾತ್ರ. ಉದ್ದ ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಅದೂ ಕಮ್ಮಿ. ಅಂಥ ಹೊತ್ತಿನಲ್ಲಿ ಪಿಸ್ಟನ್‌ನ ಅಲ್ಯೂಮಿನಿಯಂ ನೇರವಾಗಿ ಕಬ್ಬಿಣದ ಲೈನರ್‌ಗೆ (ಸಿಲಿಂಡರ್ ಒಳಗಿನ ಕೊಳವೆಗೆ) ಉಜ್ಜಬಾರದು, ಅಷ್ಟೇ.

ಈ ಕೋಟಿಂಗ್‌ನಲ್ಲಿರುವುದು ಮಾಲಿಬ್ಡಿನಂ ಡೈಸಲ್ಫೈಡ್ (ಅದೇ ಮಾಲಿ), ಸ್ವಲ್ಪ ಗ್ರಾಫೈಟ್, ಎರಡನ್ನೂ ಹಿಡಿದಿಡುವ ರೆಸಿನ್. ಮಾಲಿಯ ಪದರಗಳು ಒದ್ದೆ ವೀಳ್ಯದೆಲೆಗಳ ಹಾಗೆ ಒಂದರ ಮೇಲೊಂದು ಜಾರುತ್ತವೆ.

ಸ್ಪ್ರೇ ಹೊಡೆಯುವುದು ಸುಲಭ. ಕಷ್ಟ ಇರುವುದು ಅದಕ್ಕಿಂತ ಮುಂಚೆ. ಪಿಸ್ಟನ್ ಅನ್ನು ಅಸಿಟೋನ್‌ನಲ್ಲಿ ತೊಳೆಯುತ್ತೇನೆ. ರಿಂಗ್ ಕೂರುವ ಗ್ರೂವ್, ಪಿನ್ ತೂತು ಎಲ್ಲ ಟೇಪ್ ಹಾಕಿ ಮುಚ್ಚುತ್ತೇನೆ. ಆಮೇಲೆ ನುಣ್ಣನೆಯ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಗಾಳಿಯಲ್ಲಿ ಹೊಡೆದು ಹಗುರವಾಗಿ ಬ್ಲಾಸ್ಟಿಂಗ್. ಹೊಳಪು ಹೋಗಿ ಮಂಕಾದರೆ ಸಾಕು. ಇದಾದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಇದ್ದ ಕಡೆ ಕೋಟಿಂಗ್ ಏಳುತ್ತದೆ. ಪಿಸ್ಟನ್ ಸ್ವಲ್ಪ ಬಿಸಿ ಮಾಡಿ ತೆಳುವಾಗಿ ಹೊಡೆದು, ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡುವವರ ಓವನ್‌ನಲ್ಲಿ ಬೇಯಿಸುತ್ತೇನೆ. ಡಬ್ಬಿ ಮೇಲೆ ಬರೆದಿರುವ ಶಾಖಕ್ಕಿಂತ ಜಾಸ್ತಿ ಕೊಡಬಾರದು. ಪಿಸ್ಟನ್ನೇ ಮೆತ್ತಗಾದೀತು. ಅಡುಗೆಮನೆ ಓವನ್ ಬೇಡವೇ ಬೇಡ.

ಜಗಳ ಬರುವುದು ಕ್ಲಿಯರೆನ್ಸ್ ವಿಷಯಕ್ಕೆ, ಅಂದರೆ ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವೆ ಬಿಡುವ ಸಂದಿಗೆ. ಒಂದು ಕಡೆ 10 ಮೈಕ್ರಾನ್ ಕೂತರೆ ವ್ಯಾಸ 0.02 ಮಿಲಿಮೀಟರ್ ಏರಿತು. 50 ಮಿಲಿಮೀಟರ್ ಬೋರ್‌ನ ಗಾಳಿ ತಂಪಿನ ಇಂಜಿನ್‌ಗೆ ಅದು ಸಣ್ಣ ಲೆಕ್ಕ ಅಲ್ಲ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ ಅಲ್ವಾ? ಕೋಟಿಂಗ್ ಹೇಗೂ ಸವೆಯುತ್ತೆ, ಲೆಕ್ಕಕ್ಕೆ ಬೇಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲು ಕೋಟಿಂಗ್, ಆಮೇಲೆ ಮೈಕ್ರೋಮೀಟರ್, ಕೊನೆಗೆ ಆ ಅಳತೆಗೆ ಹೋನಿಂಗ್ (ಕಲ್ಲಿನಿಂದ ಸಿಲಿಂಡರ್ ಒಳಮೈ ಉಜ್ಜುವುದು). ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ. ಹಾಗಾಗಿ ಸ್ಕರ್ಟ್‌ನ ಕೆಳಭಾಗದಲ್ಲಿ, ಪಿನ್‌ಗೆ ಅಡ್ಡಲಾಗಿ ಅಳೆಯಬೇಕು. ಲೇತ್ ಶಾಪ್‌ಗೆ ಬ್ಲಾಕ್ ಒಂದನ್ನೇ ಕೊಟ್ಟು ಬರಬೇಡಿ, ಪಿಸ್ಟನ್ನೂ ಕೊಡಿ.

ಬೋರ್ ಆದ ಮೇಲೆ ಪೋರ್ಟ್‌ಗಳ (ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಓಡಾಡುವ ಕಿಂಡಿಗಳ) ಅಂಚು ಕತ್ತಿಯಷ್ಟು ಚೂಪಾಗಿರುತ್ತದೆ. ಅದನ್ನು ಉಜ್ಜಿ ಮೊಂಡು ಮಾಡದಿದ್ದರೆ ಕೋಟಿಂಗ್ ಹೆರೆದುಹೋಗುತ್ತದೆ, ರಿಂಗ್ ಕೂಡ ಸಿಕ್ಕಿಹಾಕಿಕೊಳ್ಳುತ್ತದೆ. ಹೋನಿಂಗ್ ಪುಡಿ ತೆಗೆಯಲು ಪೆಟ್ರೋಲ್ ಸಾಲದು. ಬಿಸಿನೀರು, ಸೋಪು, ಬ್ರಷ್ ಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಬರಬಾರದು. ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ನೋಡ್ತಾ ನೋಡ್ತಾ ತುಕ್ಕು.

ರನ್-ಇನ್ (ಹೊಸ ಪಿಸ್ಟನ್ ಹೊಂದಿಕೊಳ್ಳಲು ಮೊದಲು ನಿಧಾನವಾಗಿ ಓಡಿಸುವುದು) ಮುಗಿದ ಮೇಲೆ ಬಿಚ್ಚಿದರೆ ಸ್ಕರ್ಟ್ ನಡುವೆ ಕೋಟಿಂಗ್ ಹೊಳೆಯುತ್ತಿರುತ್ತದೆ, ಅಲ್ಲಲ್ಲಿ ತೆಳುವಾಗಿರುತ್ತದೆ. ಅದು ಸರಿಯೇ. ಉದ್ದುದ್ದ ಗೀರುಗಳಿದ್ದರೆ ಮಾತ್ರ ಕ್ಲಿಯರೆನ್ಸ್, ಕಾರ್ಬ್ಯುರೇಟರ್ ಜೆಟ್, ಆಯಿಲ್ ಪಂಪ್ ನೋಡಬೇಕು.

ಸಿಲಿಂಡರ್ ಒಳಗೂ ಇದನ್ನೇ ಹೊಡೀರಿ ಅನ್ನುವವರಿಗೆ ಇಲ್ಲ ಅನ್ನುತ್ತೇನೆ. ಲೈನರ್‌ನಲ್ಲಿ ಹೋನಿಂಗ್ ಗೆರೆಗಳೇ ಆಯಿಲ್ ಹಿಡಿದಿಡುವುದು. ಕೆಟಿಎಂ ಡ್ಯೂಕ್ 390 ಬ್ಲಾಕ್‌ನಲ್ಲಿರುವ ನಿಕಾಸಿಲ್ ಬೇರೆಯೇ. ಅದು ನಿಕಲ್‌ನಲ್ಲಿ ಸಿಲಿಕಾನ್ ಕಾರ್ಬೈಡ್ ಕಣ ಸೇರಿಸಿ ಕಾರ್ಖಾನೆಯಲ್ಲೇ ಹಾಕುವ ಗಟ್ಟಿ ಪ್ಲೇಟಿಂಗ್. ಅದಕ್ಕೆ ಬೋರ್ ಹೊಡೆದರೆ ಪ್ಲೇಟಿಂಗೇ ಹೋಯಿತು. ಅದು ಎದ್ದುಹೋದ ಬ್ಲಾಕ್ ತಂದವರಿಗೆ ನಾನು ಹೊಸ ಬ್ಲಾಕ್ ತನ್ನಿ ಅನ್ನುತ್ತೇನೆ.