ಫೇಕೋ (ಅಲ್ಟ್ರಾಸೌಂಡ್ ಪ್ರೋಬಿನಿಂದ ಕಣ್ಣಿನ ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ) ನಡುವೆ ಹಿಂಬದಿ ಕ್ಯಾಪ್ಸೂಲ್ (ಕಣ್ಣಿನ ಮಸೂರದ ಚೀಲದ ಹಿಂಭಾಗ) ಹರಿದಾಗ
ಮುಂಗೋಣೆ (ಕಾರ್ನಿಯಾ-ಐರಿಸ್ ನಡುವಿನ ಜಾಗ) ಇದ್ದಕ್ಕಿದ್ದಂತೆ ಆಳವಾಯಿತೇ, ಪಾಪೆ ಒಮ್ಮೆಲೇ ಹಿಗ್ಗಿತೇ, ನ್ಯೂಕ್ಲಿಯಸ್ (ಮಸೂರದ ಗಟ್ಟಿ ತಿರುಳು) ತುಂಡು ಪ್ರೋಬಿನತ್ತ ಬರುತ್ತಿಲ್ಲವೇ? ಕ್ಯಾಪ್ಸೂಲ್ ಹರಿದಿದೆ ಎಂದೇ ಭಾವಿಸಿ. ಗಾಬರಿಯಲ್ಲಿ ಪ್ರೋಬ್ ಎಳೆದುಬಿಡುವುದೇ ದೊಡ್ಡ ತಪ್ಪು: ಒತ್ತಡ ಕುಸಿದು ವಿಟ್ರಿಯಸ್ (ಮಸೂರದ ಹಿಂದಿನ ಜೆಲ್) ಮುಂದೆ ನುಗ್ಗುತ್ತದೆ, ಸಣ್ಣ ಹರಕು ಅಗಲವಾಗುತ್ತದೆ. ಪೆಡಲನ್ನು 1ನೇ ಹಂತದಲ್ಲೇ (ದ್ರವ ಮಾತ್ರ ಹರಿಯುವ ಹಂತ) ಹಿಡಿದು, ದ್ರವದ ಬಾಟಲಿ ತಗ್ಗಿಸಿ, ಸೈಡ್‌ಪೋರ್ಟಿನಿಂದ (ಪಕ್ಕದ ಸಣ್ಣ ಛೇದ) ಡಿಸ್ಪರ್ಸಿವ್ ವಿಸ್ಕೋಎಲಾಸ್ಟಿಕ್ (ಜಾಗ ಕಾಯ್ದಿಡುವ, ಹರಡಿ ಅಂಟಿಕೊಳ್ಳುವ ಜೆಲ್) ತುಂಬಿ. ಆಮೇಲಷ್ಟೇ ಪ್ರೋಬ್ ಹೊರತೆಗೆಯಿರಿ. ಕೆಳಗಿಳಿಯುವ ತುಂಡನ್ನು ಬೆನ್ನಟ್ಟಬೇಡಿ. ಅದು ರೆಟಿನಾ ತಜ್ಞರ ಕೆಲಸ.

ವಿಟ್ರಿಯಸ್ ಎಳೆಗಳು ಕಾಣಲು ಪ್ರಿಸರ್ವೇಟಿವ್ ಇಲ್ಲದ ಟ್ರಯಾಮ್ಸಿನೊಲೋನ್ (ಎಳೆಗಳಿಗೆ ಅಂಟುವ ಬಿಳಿ ಸ್ಟೀರಾಯ್ಡ್) ಹಾಕಿ. ವಿಟ್ರಿಯಸ್ ಕತ್ತರಿಸುವ ಕಟರ್ ಒಂದು ಕಡೆ, ನೀರು ಇನ್ನೊಂದು ಕಡೆಯಿಂದ. ಕತ್ತರಿಸುವ ವೇಗ ಹೆಚ್ಚು, ವ್ಯಾಕ್ಯೂಮ್ ಕಡಿಮೆ. ಮುಂಬದಿ ಕ್ಯಾಪ್ಸೂಲ್ ಗಟ್ಟಿಯಿದ್ದರೆ ತ್ರೀ-ಪೀಸ್ ಕೃತಕ ಲೆನ್ಸನ್ನು ಸಲ್ಕಸ್‌ನಲ್ಲಿಡಿ (ಐರಿಸ್ ಹಿಂದೆ, ಕ್ಯಾಪ್ಸೂಲ್ ಮುಂದಿನ ಜಾಗ), ಪವರನ್ನು ಸಾಮಾನ್ಯವಾಗಿ 0.5ರಿಂದ 1 ಡಯಾಪ್ಟರ್ ತಗ್ಗಿಸಿ. ಸಿಂಗಲ್-ಪೀಸ್ ಅಕ್ರಿಲಿಕ್ ಲೆನ್ಸ್ ಅಲ್ಲಿ ಬೇಡವೇ ಬೇಡ, ಐರಿಸ್‌ಗೆ ಉಜ್ಜಿ ಉರಿಯೂತ ತರುತ್ತದೆ.